ಹಿಟ್ಟಿನ ಬೆರಳಚ್ಚು: ಕದ್ದು ಓದುವ ಕಾದಂಬರಿ ನಮ್ಮನ್ನು ಹಿಡಿಯುವ ಬಗೆ

ಕೊಪ್ಪಳದ ನಮ್ಮ ಹಳೆಯ ಮನೆಗೆ ಅಜ್ಜನ ಹೆಸರಿನಲ್ಲಿ ಒಂದು ವಾರಪತ್ರಿಕೆ ಬರುತ್ತಿತ್ತು. ಅದನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದವಳು ಚಿಗವ್ವ. ಜೋಳದ ಹಿಟ್ಟಿನ ಡಬ್ಬಿಗೆ ಅದನ್ನು ಆನಿಸಿ ನಿಲ್ಲಿಸಿ, ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಅದು ಬೇಯುವಷ್ಟು ಹೊತ್ತಿನಲ್ಲಿ ಧಾರಾವಾಹಿಯ ಕಾಲು ಪುಟ ಮುಗಿಸುತ್ತಿದ್ದಳು. ಅಜ್ಜಿಯ ಹೆಜ್ಜೆಯ ಸಪ್ಪಳವಾದರೆ ಪತ್ರಿಕೆ ಡಬ್ಬಿಯ ಹಿಂದಕ್ಕೆ ಜಾರುತ್ತಿತ್ತು. ಸಂಜೆ ಅದು ನನ್ನ ಕೈಗೆ ಬರುವಷ್ಟರಲ್ಲಿ ಪುಟಗಳ ಅಂಚಿನಲ್ಲಿ ಹಿಟ್ಟಿನ ಬೆರಳಚ್ಚುಗಳು ಒಣಗಿರುತ್ತಿದ್ದವು. ಆಸ್ತಿಯ ಜಗಳ, ಬಸ್ಸಿನ ಅಪಘಾತ, ಮದುವೆಮನೆಯ ಗದ್ದಲ ಇರುವ ಪುಟಗಳಲ್ಲಿ ಅಚ್ಚು ತೆಳುವಾಗಿ, ಸರಸರನೆ ಮಗುಚಿದ ಗುರುತಷ್ಟೇ ಇರುತ್ತಿತ್ತು. ಒಂದು ಸಂಚಿಕೆಯಲ್ಲಿ ನಾಯಕಿ ಅಂಚೆಯಲ್ಲಿ ಬಂದ ಕಾಗದವನ್ನು ಹಿಡಿದು, ಒಡೆಯಬೇಕೋ ಬೇಡವೋ ಎಂದು ಬಾಗಿಲ ಬಳಿ ನಿಂತಿದ್ದಳು. ಆ ಪುಟದ ಅಂಚಿನಲ್ಲಿ ಮಾತ್ರ ಹೆಬ್ಬೆರಳಿನ ಅಚ್ಚು ದಟ್ಟವಾಗಿ, ಎರಡು ಮೂರು ಸಲ ಒತ್ತಿದಂತೆ ಮೂಡಿತ್ತು. ಆ ಪುಟದಲ್ಲಿ ಘಟನೆ ಎನ್ನಬಹುದಾದದ್ದು ಒಂದೂ ಇರಲಿಲ್ಲ.

ಈ ಲೇಖನದಲ್ಲಿ ಬಿಡಿಸಿ ಹೇಳಲು ಹೊರಟಿರುವುದು ಆ ಹೆಬ್ಬೆರಳಿನ ಅಚ್ಚನ್ನೇ. ಕೈಗೆತ್ತಿಕೊಂಡರೆ ಕೆಳಗಿಡಲಾಗದ, ಆದರೆ ಓದುತ್ತಿದ್ದೇನೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸಂಕೋಚವಾಗುವ ಕಾದಂಬರಿಗಳನ್ನು ನಾವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಓದಿದವರೇ. ಅವುಗಳ ಹಿಡಿತಕ್ಕೆ ಕಾರಣ ಕೇಳಿದರೆ 'ಕಥೆ ಓಡುತ್ತದೆ' ಎಂಬ ಉತ್ತರ ಥಟ್ಟನೆ ಬರುತ್ತದೆ. ಚಿಗವ್ವನ ಹೆಬ್ಬೆರಳು ಹೇಳುತ್ತಿದ್ದುದು ಬೇರೆ: ಕಥೆ ಓಡುವಲ್ಲಿ ಅವಳೂ ಓಡಿದ್ದಳು, ಒಂದು ಜೀವ ಏನು ಮಾಡಬೇಕೆಂದು ತಿಳಿಯದೆ ನಿಂತಲ್ಲಿ ಅವಳೂ ನಿಂತಿದ್ದಳು. ಪಾತ್ರವೇ ಪ್ರಧಾನವಾದ ಕಾದಂಬರಿಯ ಹಿಡಿತ ಇರುವುದು ಆ ನಿಲುಗಡೆಯಲ್ಲಿ ಎಂದು ನಾನು ತಿಳಿದಿದ್ದೇನೆ. ಅದರೊಂದಿಗೆ ಅಂಟಿಕೊಂಡು ಬರುವ ಅಪರಾಧಿ ಭಾವಕ್ಕೂ ಪುಸ್ತಕದ ಗುಣಮಟ್ಟಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ.

ಒಂದು ಸಂದರ್ಭವನ್ನು ಕಟ್ಟಿಕೊಂಡು ನೋಡೋಣ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವ ಗುಮಾಸ್ತನೊಬ್ಬ, ಮಗಳ ಆಸ್ಪತ್ರೆಯ ಖರ್ಚಿಗೆಂದು ಒಮ್ಮೆ ಲೆಕ್ಕದಲ್ಲಿ ನಲವತ್ತು ಚೀಲ ಭತ್ತ ಕಡಿಮೆ ತೋರಿಸಿದ್ದಾನೆ. ಸಾಹುಕಾರರಿಗೆ ಅದು ಗೊತ್ತಿಲ್ಲ. ಅವನು ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬ ಪ್ರಶ್ನೆಯೊಂದರ ಮೇಲೆಯೇ ಕಾದಂಬರಿ ನಡೆದರೆ ಓದುಗನಿಗೆ ಬೇಕಾಗಿರುವುದು ಒಂದು ಸುದ್ದಿ. ಸುದ್ದಿ ಸಿಕ್ಕ ಕೂಡಲೇ ಕುತೂಹಲ ತಣಿದು, ಪುಸ್ತಕ ಕಪಾಟು ಸೇರುತ್ತದೆ. ಈಗ ಸಾಹುಕಾರರು ಒಂದು ಬೆಳಿಗ್ಗೆ ಅವನನ್ನು ಕರೆದು, 'ಇನ್ನ ಮ್ಯಾಲೆ ತಿಜೋರಿ ಕೀಲಿ ನಿನ್ನ ಕಡೆನ ಇರ್ಲಿ, ನನ್ನ ಮಗನಕಿಂತ ನಿನ್ನ ಮ್ಯಾಲೆ ನಂಬಿಕಿ ಐತಿ' ಎಂದು ಕೀಲಿಗೊಂಚಲನ್ನು ಅವನ ಅಂಗೈಗೆ ಹಾಕಿದರೆಂದು ಭಾವಿಸಿ. ಸಿಕ್ಕಿಬೀಳುವ ಭಯ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು, ಕಾದಂಬರಿ ಮಾತ್ರ ಅಲ್ಲಿಂದಲೇ ಶುರುವಾಯಿತು. ಸುಮ್ಮನೆ ಕೀಲಿ ಇಸಿದುಕೊಂಡು ಹೋಗುವವನು ಒಬ್ಬ ಮನುಷ್ಯ. ನನಗೆ ಬೇಡ ಎಂದು ಹಿಂದೆ ಸರಿಯುವವನು ಇನ್ನೊಬ್ಬ. ಇಸಿದುಕೊಂಡು, ರಾತ್ರಿಯೆಲ್ಲ ಹೊರಳಾಡಿ, ಕೋಳಿ ಕೂಗುವ ಹೊತ್ತಿಗೆ ಸಾಹುಕಾರರ ಮನೆಯ ಕಟ್ಟೆಯ ತನಕ ಹೋಗಿ, ಬಾಗಿಲು ಬಡಿಯದೆ ತಿರುಗಿ ಬರುವವನು ಮತ್ತೂ ಒಬ್ಬ. ಮುಂದೇನು ಎಂಬ ಪ್ರಶ್ನೆ ಇಲ್ಲಿ ಇವನೆಂಥವನು ಎಂಬ ಪ್ರಶ್ನೆಯಾಗಿದೆ, ಅದನ್ನು ಸ್ವತಃ ಗುಮಾಸ್ತನೇ ಬಲ್ಲವನಲ್ಲ. ಬ್ರಿಟಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ತುಂಬುಪಾತ್ರಕ್ಕೆ, ಅಂದರೆ ಹಲವು ಮುಖಗಳುಳ್ಳ ಪಾತ್ರಕ್ಕೆ, ಹೇಳಿದ ಪರೀಕ್ಷೆಯೂ ಇದೇ: ಅದು ನಮ್ಮನ್ನು ಬೆರಗುಗೊಳಿಸಬೇಕು, ಬೆರಗಾದ ಮರುಕ್ಷಣವೇ ನಾವು ಅದನ್ನು ನಂಬಲೂ ಬೇಕು.

ಪ್ರಶ್ನೆ ಒಡ್ಡುವುದು ಸುಲಭ, ಓದುಗನನ್ನು ಆ ಗುಮಾಸ್ತನ ಚರ್ಮದೊಳಗೆ ಕೂರಿಸುವುದು ಕಷ್ಟ. ಇಲ್ಲಿ ಕನ್ನಡದ ವ್ಯಾಕರಣವೇ ಲೇಖಕನಿಗೆ ಒಂದು ಉಪಕರಣವನ್ನು ಕೊಟ್ಟಿದೆ. ನಾವು ಇನ್ನೊಬ್ಬರ ಮಾತನ್ನಾಗಲಿ ಯೋಚನೆಯನ್ನಾಗಲಿ ಹೇಳುವಾಗ ಕೊನೆಗೆ 'ಎಂದು' ಎಂಬ ಬೇಲಿ ಹಾಕುತ್ತೇವೆ: 'ಸಾಹುಕಾರರಿಗೆ ವಿಷಯ ತಿಳಿದಿರಬಹುದು ಎಂದು ಗುಮಾಸ್ತ ಹೆದರಿದ.' ಬೇಲಿಯ ಆಚೆ ಗುಮಾಸ್ತ, ಈಚೆ ನಾವು. ಈಗ ಆ ಬೇಲಿಯನ್ನು ಕಿತ್ತು ನೋಡಿ: 'ಸಾಹುಕಾರರು ಲೆಕ್ಕದ ಪುಸ್ತಕ ತರಲು ಹೇಳಿದರು. ಇವತ್ತೇ ಯಾಕೆ? ಮಂಗಳವಾರ ಅವರು ಪುಸ್ತಕ ಮುಟ್ಟುವವರಲ್ಲ. ಯಾರೋ ಕಿವಿ ಊದಿದ್ದಾರೆ. ಆ ಹಮಾಲನೇ ಇರಬೇಕು, ಹೋದ ವಾರ ಚಹಾ ಕುಡಿಸಲಿಲ್ಲವೆಂಬ ಸಿಟ್ಟು ಅವನಿಗೆ.' ಈ ಸಾಲುಗಳಲ್ಲಿ ಮೊದಲನೆಯದು ನಿರೂಪಕನದು, ಉಳಿದವು ಯಾರವು? 'ಇವತ್ತೇ' ಎಂಬುದು ಗುಮಾಸ್ತನ ಇವತ್ತು, ಹಮಾಲನ ಮೇಲಿನ ಗುಮಾನಿಯೂ ಅವನದೇ, ಆದರೆ ಅವನು ಯೋಚಿಸಿದನೆಂದು ಯಾರೂ ಹೇಳುತ್ತಿಲ್ಲ. ಓದುವ ನಾವು ಆ ಗುಮಾನಿಯನ್ನು ನಮ್ಮದೇ ಎಂಬಂತೆ ಯೋಚಿಸಿ ಮುಗಿಸಿರುತ್ತೇವೆ, ಆ ಬಡ ಹಮಾಲನ ಮೇಲೆ ನಮಗೂ ಒಂದು ಗಳಿಗೆ ಸಿಟ್ಟು ಬಂದಿರುತ್ತದೆ. ಇಂಗ್ಲಿಷಿನಲ್ಲಿ ಜೇನ್ ಆಸ್ಟೆನ್, ಫ್ರೆಂಚಿನಲ್ಲಿ ಫ್ಲೊಬೇರ್ ಪಳಗಿಸಿದ ತಂತ್ರ ಇದು. ಕನ್ನಡದಲ್ಲಿ ಹೆಣ್ಣಿನ ಮನಸ್ಸಿನ ಒಳಸುಳಿಗಳನ್ನು ಕಾದಂಬರಿಯ ವಸ್ತುವನ್ನಾಗಿಸಿದ ತ್ರಿವೇಣಿಯವರು (1928–1963) ಅಷ್ಟು ಚಿಕ್ಕ ಆಯುಷ್ಯದಲ್ಲಿ ಅಷ್ಟು ಮನೆಗಳ ಅಡುಗೆಕೋಣೆಯನ್ನು ಹೊಕ್ಕದ್ದಕ್ಕೆ, ಪಾತ್ರದ ಒಳಮಾತಿಗೆ ಕಿವಿಗೊಟ್ಟ ಆ ಬರವಣಿಗೆಯೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಹೀಗೆ ಒಳಹೊಕ್ಕ ಮೇಲೆ ಒಂದು ವಿಚಿತ್ರ ಅಸಮತೋಲನ ಉಂಟಾಗುತ್ತದೆ. ಒಂದೇ ಸೂರಿನಡಿ ಮೂವತ್ತು ವರ್ಷ ಬಾಳಿದವರ ಮನಸ್ಸಿನಲ್ಲಿ ಈ ಕ್ಷಣ ಏನಿದೆ ಎಂಬುದು ನಮಗೆ ತಿಳಿಯದು. ಮೂರು ದಿನದ ಹಿಂದೆ ಪರಿಚಯವಾದ ಪಾತ್ರದ ನಾಚಿಕೆ, ಹೊಟ್ಟೆಕಿಚ್ಚು, ಯಾರಿಗೂ ಹೇಳದ ಆಸೆ ಎಲ್ಲವೂ ತಿಳಿದಿರುತ್ತವೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲಿ ರೇಡಿಯೋ, ಟಿ.ವಿ. ಮತ್ತು ಸಿನಿಮಾದ ವ್ಯಕ್ತಿಗಳೊಡನೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಏಕಮುಖ ನಂಟನ್ನು ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಕಾದಂಬರಿಯ ಪಾತ್ರದೊಡನೆ ಆ ನಂಟು ಇನ್ನೂ ಗಾಢವೆನ್ನಬೇಕು, ಏಕೆಂದರೆ ಟಿ.ವಿ.ಯವರು ಮುಖವನ್ನಷ್ಟೇ ತೋರಿಸುತ್ತಾರೆ. ದುಃಖದ ಕಥೆ ರುಚಿಸುವುದು ಹೇಗೆ ಎಂಬ ಚರ್ಚೆ ನಮ್ಮ ಆಲಂಕಾರಿಕರಲ್ಲಿ, ಅಂದರೆ ಕಾವ್ಯಮೀಮಾಂಸಕರಲ್ಲಿ, ಸಾವಿರ ವರ್ಷಕ್ಕೂ ಹಿಂದಿನದು. ನಾಯಕನ ಶೋಕವು ಅವನೊಬ್ಬನದಾಗಿಯೂ ಉಳಿಯದೆ, ನಮ್ಮ ಸ್ವಂತದ್ದೂ ಆಗದೆ, ಎಲ್ಲರ ಅನುಭವಕ್ಕೆ ಸಲ್ಲುವ ಭಾವವಾಗುವುದನ್ನು ಭಟ್ಟನಾಯಕ 'ಸಾಧಾರಣೀಕರಣ' ಎಂದು ಕರೆದ. ಗುಮಾಸ್ತನ ಕಳವಿನಿಂದ ನಮ್ಮ ಮನೆಯ ಸಾಲ ಬೆಳೆಯುವುದಿಲ್ಲವಾದ್ದರಿಂದಲೇ ನಾವು ಅವನ ಭಯವನ್ನು ಸವಿಯಬಲ್ಲೆವು.

ಮುಂದಾಗುವುದು ಗೊತ್ತಿದ್ದರೂ ಈ ಹಿಡಿತ ಸಡಿಲವಾಗದು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಪುರಾವೆ ಹುಡುಕಬೇಕಾಗಿಲ್ಲ. ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಕೂತವರಲ್ಲಿ ಕರ್ಣ ಸಾಯುತ್ತಾನೆಂದು ತಿಳಿಯದವರು ಯಾರೂ ಇರುವುದಿಲ್ಲ. ಆದರೂ ಕುಂತಿ ಅವನೆದುರು ಬಂದು ನಿಂತಾಗ, ಹೆಗಲ ಮೇಲೆ ಮಲಗಿದ್ದ ಮಗುವನ್ನು ಪಕ್ಕಕ್ಕೆ ಸರಿಸಿ ಕತ್ತು ಚಾಚುವವರನ್ನು ನಾನು ನೋಡಿದ್ದೇನೆ. ರಿಚರ್ಡ್ ಗೆರಿಗ್ ಎಂಬ ಮನಶ್ಶಾಸ್ತ್ರಜ್ಞ 1993ರ ತನ್ನ ಗ್ರಂಥದಲ್ಲಿ ಈ ಒಗಟನ್ನೇ ಚರ್ಚಿಸಿ, ಕಥೆಯೊಳಗಿರುವಾಗ ಮನಸ್ಸು ತನಗೆ ತಿಳಿದ ಅಂತ್ಯವನ್ನು ಬಳಿಗೆ ಕರೆದುಕೊಳ್ಳುವುದಿಲ್ಲ ಎಂಬ ಬಗೆಯ ವಿವರಣೆ ಕೊಟ್ಟ. ಘಟನೆಯ ಕಾದಂಬರಿಯನ್ನು ಎರಡನೆಯ ಸಲ ಓದುವವರು ಕಡಿಮೆ, ಪಾತ್ರದ ಕಾದಂಬರಿಯನ್ನು ಎರಡನೆಯ ಸಲ ಓದುವವರು ಹೆಚ್ಚು ಎಂಬ ನನ್ನ ಅನುಭವಕ್ಕೂ ಇದು ಹೊಂದುತ್ತದೆ.

ಅರ್ಧಕ್ಕೆ ನಿಂತದ್ದು ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ ಎಂಬುದು ಇನ್ನೊಂದು ಎಳೆ. ಬರ್ಲಿನ್‌ನಲ್ಲಿ ಓದುತ್ತಿದ್ದ ಬ್ಲೂಮಾ ಝೈಗಾರ್ನಿಕ್, ಮುಗಿದ ಕೆಲಸಕ್ಕಿಂತ ನಡುವೆ ತಡೆದ ಕೆಲಸವೇ ಜನರಿಗೆ ಹೆಚ್ಚು ನೆನಪಿರುತ್ತದೆ ಎಂದು 1927ರಲ್ಲಿ ಪ್ರಕಟಿಸಿದಳು. ಮುಂದಿನ ಪ್ರಯೋಗಗಳೆಲ್ಲವೂ ಅವಳ ಪರವಾಗಿ ಸಾಕ್ಷಿ ಹೇಳಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ವಾರವಾರದ ಧಾರಾವಾಹಿಗಳನ್ನು ಬರೆದವರಿಗೆ ಆ ಪ್ರಯೋಗದ ಹಂಗೇನೂ ಇರಲಿಲ್ಲ. 'ಮುಂದುವರಿಯುವುದು' ಎಂಬ ಪದವನ್ನು ಎಲ್ಲಿ ಅಚ್ಚು ಹಾಕಿಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇದಕ್ಕಿಂತ ಹಳೆಯ ಸಾಕ್ಷಿ 'ಕಾದಂಬರಿ' ಎಂಬ ಪದದಲ್ಲೇ ಅಡಗಿದೆ. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ಬರೆದ ಸಂಸ್ಕೃತ ಗದ್ಯಕಥೆಯ ನಾಯಕಿಯ ಹೆಸರು ಕಾದಂಬರಿ. ಬಾಣ ಅದನ್ನು ಮುಗಿಸದೆ ತೀರಿಕೊಂಡ. ಉಳಿದ ಭಾಗವನ್ನು ಬರೆದ ಅವನ ಮಗ, ಕಥೆ ನಿಂತುಹೋದದ್ದರಿಂದ ಸಜ್ಜನರಿಗಾದ ದುಃಖವನ್ನು ಕಂಡು ಈ ಕೆಲಸಕ್ಕೆ ಕೈಹಾಕಿದೆನೇ ಹೊರತು ಕವಿತ್ವದ ಜಂಬದಿಂದಲ್ಲ ಎಂದು ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಸಂಸ್ಕೃತದಲ್ಲಿ ಕಾದಂಬರಿ ಎಂದರೆ ಒಂದು ಬಗೆಯ ಮದ್ಯವೂ ಹೌದು. ಮಗ ಆ ಎರಡೂ ಅರ್ಥಗಳನ್ನು ಹೆಣೆದು, ಕಾದಂಬರಿಯ ರಸದಿಂದ ಮತ್ತೇರಿದ ಜನಕ್ಕೆ ಬೇರೇನೂ ಅರಿವಿಗೆ ಬರುತ್ತಿಲ್ಲ ಎನ್ನುತ್ತಾನೆ. ಈ ಕಥೆಯನ್ನು ನಾಗವರ್ಮ ಕನ್ನಡದ ಚಂಪುವಾಗಿಸಿದ. ಮುಂದೆ ಹೊಸ ಸಾಹಿತ್ಯಪ್ರಕಾರವೊಂದು ಬಂದಾಗ ಕನ್ನಡಿಗರೂ ಮರಾಠಿಗರೂ ಅದಕ್ಕೆ ಈ ಹೆಣ್ಣಿನ ಹೆಸರನ್ನೇ ಇಟ್ಟರು. ಆ ಹೆಸರಿಗೆ ಮೊದಲಿನಿಂದಲೂ ತುಸು ಹೆಂಡದ ವಾಸನೆ ಇದ್ದೇ ಇತ್ತು ಎನ್ನಬಹುದು.

ಮತ್ತೇರುವುದೆಂದರೆ ಏನೆಂಬುದನ್ನು ನಾನು ಹಂಪಿ ಎಕ್ಸ್‌ಪ್ರೆಸ್‌ನ ಮೇಲಿನ ಬರ್ತಿನಲ್ಲಿ ಕಂಡುಕೊಂಡಿದ್ದೇನೆ. ರಾತ್ರಿ ಬಳ್ಳಾರಿಯಲ್ಲಿ ಹತ್ತಿದವನು ಹತ್ತು ಪುಟ ಓದಿ ಮಲಗುವ ಎಣಿಕೆಯಲ್ಲಿದ್ದೆ. ಗುಂತಕಲ್ಲಿನಲ್ಲಿ ಗಾಡಿ ನಿಂತದ್ದು, ಚಹಾದವನು ಕೂಗುತ್ತ ಹೋದದ್ದು, ಕೆಳಗಿನ ಬರ್ತಿನವರು ದೀಪ ಆರಿಸಿರೆಂದು ಎರಡು ಬಾರಿ ಕೇಳಿದ್ದು ಯಾವುದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಮನಶ್ಶಾಸ್ತ್ರಜ್ಞರಾದ ಮೆಲಾನಿ ಗ್ರೀನ್ ಮತ್ತು ತಿಮೊತಿ ಬ್ರಾಕ್ 2000ದಲ್ಲಿ ಇಂಥ ಸ್ಥಿತಿಯನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ರೂಪಿಸಿ, ಓದುಗನು ಗಮನ, ಕಲ್ಪನೆ, ಭಾವನೆ ಮೂರನ್ನೂ ಕಟ್ಟಿಕೊಂಡು ಕಥೆಯ ಲೋಕಕ್ಕೆ ಪ್ರಯಾಣ ಹೋಗುತ್ತಾನೆ ಎಂದು ವಿವರಿಸಿದರು. ನನ್ನನ್ನು ಹೆಚ್ಚು ಸೆಳೆದದ್ದು ಮಾತ್ರ ದಕ್ಷಿಣ ಆಫ್ರಿಕಾದ ವಿಕ್ಟರ್ ನೆಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನ. ಸಂತೋಷಕ್ಕಾಗಿ ಓದುವವರ ವೇಗವನ್ನು ಪುಟಪುಟವಾಗಿ ಅಳೆದ ಅವನಿಗೆ, ಒಬ್ಬನೇ ಓದುಗನ ವೇಗ ಒಂದೇ ಪುಸ್ತಕದಲ್ಲಿ ಬಹಳ ಏರಿಳಿಯುವುದೂ, ತಮಗೆ ಅತ್ಯಂತ ಇಷ್ಟವಾದ ಪುಟಗಳಲ್ಲಿ ಓದುಗರು ನಿಧಾನವಾಗುವುದೂ ಕಂಡುಬಂತು. ಗ್ರಂಥದಲ್ಲಿ ಆ ಮಾತನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಜೋಳದ ಹಿಟ್ಟಿನ ಹೆಬ್ಬೆರಳು. ಅವಸರ ಹುಟ್ಟಿಸುವ ಪುಸ್ತಕದಲ್ಲೇ ನಾವು ಅವಸರ ಬಿಡುವ ಪುಟಗಳೂ ಇರುತ್ತವೆ. ರೊಟ್ಟಿ ಸೀಯುವುದು ಅಂಥ ಪುಟಗಳಲ್ಲಿ.

ಇಷ್ಟು ಸುಖಕ್ಕೆ ಸಂಕೋಚವೇಕೆ? ಹಳೆಯ ಆಪಾದನೆಗಳೆಂದರೆ ಕಾದಂಬರಿ ಯುವಕರನ್ನು ಕೆಡಿಸುತ್ತದೆ, ಹೆಣ್ಣುಮಕ್ಕಳ ತಲೆ ತಿರುಗಿಸುತ್ತದೆ ಎಂಬವು. 1774ರಲ್ಲಿ ಜರ್ಮನ್ ಲೇಖಕ ಗಯಟೆ ಬರೆದ ವೆರ್ಟರ್‌ನ ಕಥೆಯನ್ನು ಮರುವರ್ಷವೇ ಲೈಪ್‌ಜಿಗ್ ನಗರದಲ್ಲಿ ನಿಷೇಧಿಸಲಾಯಿತು. ಕಾರಣ, ಓದಿದವರು ನಾಯಕನನ್ನು ಅನುಕರಿಸಿ ಪ್ರಾಣ ಕಳೆದುಕೊಂಡಾರು ಎಂಬ ಭಯ. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಭಯವೇನೂ ಇರಲಿಲ್ಲ. ಅಜ್ಜಿಯ ತಕರಾರು ಇದ್ದದ್ದು ಹೊತ್ತಿನ ಮೇಲೆ. ಅಜ್ಜ ಅದೇ ಪತ್ರಿಕೆಯನ್ನು ಪಡಸಾಲೆಯ ಕುರ್ಚಿಯಲ್ಲಿ ಕೂತು ಓದಿದರೆ ಅದು ಓದು. ಚಿಗವ್ವ ಒಲೆಯ ಮುಂದೆ ಓದಿದರೆ ಅದು ಕೆಲಸಗಳ್ಳತನ. ಪುಟವೂ ಅದೇ, ಅಕ್ಷರವೂ ಅದೇ. ಅಪರಾಧಿ ಭಾವ ಪುಸ್ತಕದ ಜೊತೆ ಬರುತ್ತದೆಂಬ ನಂಬಿಕೆ ನನಗೆ ಹೋದದ್ದು ಈ ವ್ಯತ್ಯಾಸ ಅರ್ಥವಾದಾಗ. ಯಾರ ಹೊತ್ತು ಯಾರಿಗೆ ಸೇರಿದ್ದು ಎಂಬ ಮನೆಯ ಲೆಕ್ಕದಲ್ಲಿ ಅದರ ಬೇರಿದೆ.

ಇದಕ್ಕೆ ಸಾಹಿತ್ಯದ ಮೇಲು ಕೀಳಿನ ಲೆಕ್ಕವೂ ಬಂದು ಸೇರಿಕೊಂಡಿತು. ಗಂಭೀರ ಪುಸ್ತಕ ಓದುವವರು ಜನಪ್ರಿಯ ಕಾದಂಬರಿಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಓದಿದ್ದುಂಟು, ನಾನೂ ಸುತ್ತಿದ್ದೇನೆ. ಅದೇ ನೆಲ್, ತಾವು ಓದುವುದರಲ್ಲಿ ಎಷ್ಟು ಪಾಲನ್ನು ತಮ್ಮ ಶಾಲೆಯ ಭಾಷಾ ಶಿಕ್ಷಕರು ಕಸವೆಂದಾರು ಎಂದು ಓದುಗರನ್ನೇ ಕೇಳಿದ್ದ, ಒಳ್ಳೆಯ ಓದುಗರೂ ಗಣನೀಯ ಪಾಲನ್ನೇ ಒಪ್ಪಿಕೊಂಡಿದ್ದರು. ಆದರೆ ಹಿಡಿದು ಕೂರಿಸುವ ಕಾದಂಬರಿಯಿಂದ ಎಲ್ಲಿಗೆ ದಾರಿ ತೆರೆಯುತ್ತದೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಕನ್ನಡ ಪುಸ್ತಕಗಳತ್ತ ತಿರುಗಿಯೂ ನೋಡದಿದ್ದವರು, ಅ.ನ. ಕೃಷ್ಣರಾಯರು ಬರೆದ ಗಾಯಕನೊಬ್ಬನ ಕಥೆ 'ಸಂಧ್ಯಾರಾಗ' ಅಕಸ್ಮಾತ್ತಾಗಿ ಕೈಗೆ ಸಿಕ್ಕ ಮೇಲೆ ಕನ್ನಡಕ್ಕೆ ಒಲಿದರೆಂಬುದು ನಮ್ಮ ಭಾಗದವರೆಲ್ಲ ಬಲ್ಲ ಸಂಗತಿ. ಒಂದು ಪಾತ್ರದ ಸೆಳೆತ ಒಬ್ಬ ಓದುಗನನ್ನು ಕೊಟ್ಟಿತು, ಆ ಓದುಗ ನಮಗೆ ತಿಮ್ಮನನ್ನು ಕೊಟ್ಟ.

ಕದ್ದದ್ದಕ್ಕೆ ರುಚಿ ಹೆಚ್ಚೆಂಬ ಮಾತಿಗೂ ಸ್ವಲ್ಪ ಆಧಾರವಿದೆ. ಕೆಲ್ಲಿ ಗೋಲ್ಡ್‌ಸ್ಮಿತ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಾಧಿ ಭಾವವನ್ನು ನೆನಪಿಸುವ ಪದಗಳನ್ನು ಮೊದಲು ಕಂಡವರಿಗೆ ಅನಂತರ ಕೊಟ್ಟ ಸಿಹಿತಿಂಡಿ ಉಳಿದವರಿಗಿಂತ ಹೆಚ್ಚು ರುಚಿಸಿತು. ತಿಂಡಿಗೆ ಸಲ್ಲುವುದು ಕಾದಂಬರಿಗೂ ಹಾಗೆಯೇ ಸಲ್ಲಬೇಕೆಂದಿಲ್ಲ. ಆದರೆ ಪಠ್ಯಪುಸ್ತಕದ ನಡುವೆ ಇಟ್ಟು ಓದಿದ ಕಾದಂಬರಿ, ರಜೆಯಲ್ಲಿ ಅಪ್ಪನೇ ತಂದುಕೊಟ್ಟ ಕಾದಂಬರಿಗಿಂತ ರುಚಿಯಾಗಿತ್ತೆಂದು ಸಾಕ್ಷಿ ಹೇಳುವವರು ರಾಯಚೂರಿನಿಂದ ಬಳ್ಳಾರಿಯವರೆಗೆ ಸಾಲುಗಟ್ಟಿ ನಿಂತಾರು.

ಈ ಸಂಕೋಚದಿಂದ ಪಾರಾಗಲು ಇತ್ತೀಚೆಗೆ ಕೆಲವರು ಕಾದಂಬರಿಗೆ ಔಷಧದ ಗುಣ ಆರೋಪಿಸುತ್ತಾರೆ. ಸಾಹಿತ್ಯಕ ಕಥೆಯ ಒಂದು ತುಣುಕನ್ನು ಓದಿದ ಮಾತ್ರಕ್ಕೆ ಇತರರ ಮನಸ್ಸನ್ನು ಅರಿಯುವ ಶಕ್ತಿ ಹೆಚ್ಚುತ್ತದೆ ಎಂಬ ಡೇವಿಡ್ ಕಿಡ್ ಮತ್ತು ಇಮಾನುವೆಲೆ ಕಸ್ತಾನೊ ಅವರ 2013ರ ಅಧ್ಯಯನ ಬಹಳ ಸುದ್ದಿಯಾಯಿತು; ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಅಷ್ಟು ಸಲೀಸಾಗಿ ಕಾಣಿಸಲಿಲ್ಲ. ಕಾಣಿಸಿದ್ದರೂ ನನಗೆ ಈ ಸಮರ್ಥನೆ ಹಿಡಿಸದು. ಹಪ್ಪಳ ತಿನ್ನುವವನು ಅದರಲ್ಲಿ ಎಷ್ಟು ಪ್ರೋಟೀನ್ ಇದೆಯೆಂದು ಹೇಳಿ ಹಪ್ಪಳವನ್ನು ಸಮರ್ಥಿಸಬೇಕಾಗಿಲ್ಲ.

ಚಿಗವ್ವನ ಆ ಧಾರಾವಾಹಿಯ ಒಂದು ಕಂತು ನಮ್ಮ ಮನೆಗೆ ತಲುಪಲೇ ಇಲ್ಲ. ಕಾಗದ ಹಿಡಿದು ನಿಂತ ನಾಯಕಿ ಅದನ್ನು ಒಡೆದಳೋ ಇಲ್ಲವೋ ಎಂಬುದು ಆ ಕಂತಿನಲ್ಲಿತ್ತು. ಅದರ ಮುಂದಿನ ವಾರದ ಕಂತಿನಲ್ಲಿ ಅವಳು ಆಗಲೇ ಬೇರೆ ಊರಿನಲ್ಲಿದ್ದಳು. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಚಿಗವ್ವ, 'ಆಕಿ ಆ ಕಾಗದಾ ಓದಿದ್ಲೋ ಹರದು ಒಗದ್ಲೋ, ನಿನಗೇನರ ಗೊತ್ತೇನೋ ತಮ್ಮಾ?' ಎಂದು ಕೇಳುವುದು ವಾಡಿಕೆಯಾಗಿತ್ತು. ಮೂವತ್ತು ವರ್ಷಗಳ ಮೇಲೆ ಬಳ್ಳಾರಿಯಲ್ಲಿ ಹಳೆಯ ಪುಸ್ತಕಗಳ ರಾಶಿಯೊಂದರಲ್ಲಿ ಆ ಕಾದಂಬರಿಯ ಪುಸ್ತಕರೂಪ ನನಗೆ ಸಿಕ್ಕಿತು. ತೆಗೆದುಕೊಂಡು ಹೋಗಿ ಕೊಟ್ಟೆ. ಚಿಗವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನಿಂತುಕೊಂಡೇ ಆ ಅಧ್ಯಾಯವನ್ನು ಹುಡುಕಿ ಓದಿದಳು. ನಾಯಕಿ ಕಾಗದ ಒಡೆದಿದ್ದಳು. 'ಇಷ್ಟನಾ?' ಎಂದಳು ಚಿಗವ್ವ. ಮೂವತ್ತು ವರ್ಷ ಅವಳ ಮನಸ್ಸಿನಲ್ಲಿ ಬೆಳೆದಿದ್ದ ಆ ಕಂತಿನ ಎದುರು ಅಚ್ಚಾದ ನಾಲ್ಕು ಪುಟ ಬಹಳ ಸಣ್ಣದಾಗಿ ಕಂಡಿರಬೇಕು.

ಊಟವಾದ ಮೇಲೆ ನೋಡಿದರೆ ಅವಳು ಪಡಸಾಲೆಯ ಮಂಚದ ಮೇಲೆ ಕನ್ನಡಕ ಹಾಕಿಕೊಂಡು ಅದೇ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂತಿದ್ದಳು. ಅಜ್ಜ ಅಜ್ಜಿ ಇಬ್ಬರೂ ಇಲ್ಲವಾಗಿ ವರ್ಷಗಳೇ ಆಗಿದ್ದವು, ಮನೆಯಲ್ಲಿ ನಾವಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು. ಚಿಗವ್ವ ಕಣ್ಣೆತ್ತದೆ ಪುಸ್ತಕವನ್ನು ದಿಂಬಿನ ಕೆಳಗೆ ಸರಿಸಿದಳು. ಬಂದವನು ಹಾಲಿನ ಹುಡುಗ.